ಫಿಲ್ಮ್ ಸ್ಕ್ಯಾನರಿನ ಅಂಕಿಗಳೂ ನಮ್ಮ ಹಳೆಯ ನೆಗೆಟಿವ್‌ಗಳೂ

ಹಳೆಯ ನೆಗೆಟಿವ್‌ಗಳನ್ನು ಗಣಕಕ್ಕೆ ಇಳಿಸಲು ಯಾವ ಸ್ಕ್ಯಾನರ್ ಒಳ್ಳೆಯದೆಂದು ಕೇಳಿದರೆ ಬಲ್ಲವರು ಇಂದಿಗೂ ನಿಕಾನ್ ಕಂಪನಿಯ ಕೂಲ್‌ಸ್ಕ್ಯಾನ್ ಹೆಸರು ಹೇಳುತ್ತಾರೆ. ಅದರ ತಯಾರಿಕೆ ನಿಂತು ಹತ್ತು ವರ್ಷಗಳ ಮೇಲಾಯಿತು. ಪ್ರತಿಸ್ಪರ್ಧಿಯಾಗಿದ್ದ ಕೋನಿಕಾ ಮಿನೋಲ್ಟಾ 2006ರಲ್ಲಿಯೇ ಕ್ಯಾಮರಾ ವ್ಯವಹಾರದಿಂದ ಹೊರನಡೆಯಿತು. ಆದರೂ ಬಳಸಿದ ಸಾಧನಗಳಿಗೆ ಬೇಡಿಕೆ ಕುಗ್ಗಿಲ್ಲ. ಈ ಹೊಗಳಿಕೆ ಸುಳ್ಳೇನಲ್ಲ. ಆದರೆ ಗದಗ ತಾಲ್ಲೂಕಿನ ಕೋಟುಮಚಗಿಯಂಥ ಊರಿನಲ್ಲಿ, ಮನೆಯ ಟ್ರಂಕಿನ ತಳದಲ್ಲಿ ಸಿಗುವ ನೆಗೆಟಿವ್‌ಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಸಾಧನದ ಹೆಗ್ಗಳಿಕೆಗಳಲ್ಲಿ ಕೆಲವು ನಮಗೆ ನಿರುಪಯುಕ್ತ, ಒಂದಂತೂ ಹಾನಿಕರ.

ಮೊದಲು ಅಂಕಿಗಳನ್ನು ಪರಿಶೀಲಿಸೋಣ. 4000 ಡಿಪಿಐ ಎಂದರೆ ಒಂದು ಅಂಗುಲ ಉದ್ದದಲ್ಲಿ 4000 ಬಿಂದುಗಳು. ಒಂದೊಂದರ ಅಗಲ 6.35 ಮೈಕ್ರಾನ್. 36 × 24 ಮಿಲಿಮೀಟರಿನ ಒಂದು ಚೌಕಟ್ಟು ಹೀಗೆ ಸುಮಾರು 2.1 ಕೋಟಿ ಬಿಂದುಗಳಾಗುತ್ತದೆ. ಒಂದು ಕಪ್ಪುಗೆರೆ, ಒಂದು ಬಿಳಿಗೆರೆ ಬೇರೆಬೇರೆಯಾಗಿ ಕಾಣಬೇಕಾದರೆ ಕನಿಷ್ಠ ಎರಡು ಬಿಂದುಗಳು ಬೇಕು. ಆದ್ದರಿಂದ ಮಿಲಿಮೀಟರಿಗೆ ಸುಮಾರು 78 ಗೆರೆಜೋಡಿಗಳು ಗರಿಷ್ಠ ಮಿತಿ. ಕೈಯಲ್ಲಿ ಹಿಡಿದು ತೆಗೆದ ಮದುವೆ, ಜಾತ್ರೆಯ ಚಿತ್ರಗಳಲ್ಲಿ ಅಷ್ಟು ವಿವರ ಇರುವುದೇ ಅಪರೂಪ. ಹೀಗಿರುವಾಗ 7200 ಎಂದು ಮುದ್ರಿಸಿದ ಪ್ಲಸ್‌ಟೆಕ್ ಸಾಧನ ಇನ್ನೂ ಮೇಲೆಂದು ತಿಳಿಯಬೇಡಿ. ಗೆರೆಪಟ್ಟಿ ಇಟ್ಟು ಪರೀಕ್ಷಿಸಿದಾಗ ಅದರಿಂದ ದಕ್ಕುವುದು ಸುಮಾರು ಅರ್ಧದಷ್ಟು. ಸಂವೇದಕ ಎಷ್ಟು ಬಿಂದುಗಳನ್ನು ಓದಿದರೇನು, ಮಸೂರ ಅಷ್ಟನ್ನು ಬೇರ್ಪಡಿಸದಿದ್ದರೆ ಕಡತ ಉಬ್ಬುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ.

ಸಾಂದ್ರತೆಯ ಕಥೆಯೂ ಇಂಥದ್ದೇ. ಕೂಲ್‌ಸ್ಕ್ಯಾನ್ 5000ಕ್ಕೆ 4.8 ಎಂಬ ಅಂಕಿ ಕೊಟ್ಟಿದ್ದರು. 16 ಬಿಟ್‌ಗಳಲ್ಲಿ 65,536 ಮಟ್ಟಗಳಿವೆ. ಅದರ ಲಘುಗಣಕ 4.8. ಇದು ಅಳೆದು ಕಂಡದ್ದಲ್ಲ, ಬಿಟ್‌ಗಳಿಂದ ಲೆಕ್ಕ ಹಾಕಿದ್ದು. ಸಂವೇದಕದ ಗದ್ದಲ ಅದಕ್ಕಿಂತ ಬಹಳ ಮೊದಲೇ ಅಡ್ಡ ಬರುತ್ತದೆ.

ಇವೆಲ್ಲ ವ್ಯಾಪಾರದ ಉತ್ಪ್ರೇಕ್ಷೆ ಎಂದು ಬಿಟ್ಟುಬಿಡಬಹುದು. ಡಿಜಿಟಲ್ ಐಸ್ ಎಂಬ ದೂಳು ನಿವಾರಣಾ ತಂತ್ರವನ್ನು ಹಾಗೆ ಬಿಡುವಂತಿಲ್ಲ. ಇದರ ತತ್ತ್ವ ಸುಂದರವಾಗಿದೆ. ಬಣ್ಣದ ಫಿಲ್ಮಿನಲ್ಲಿ ಚಿತ್ರ ಉಳಿಯುವುದು ವರ್ಣದ್ರವ್ಯಗಳ ರೂಪದಲ್ಲಿ. ಅವು ಅವಕೆಂಪು ಕಿರಣಗಳಿಗೆ ಪಾರದರ್ಶಕ. ದೂಳಿನ ಕಣ ಮತ್ತು ಗೀರು ಹಾಗಲ್ಲ. ಆದ್ದರಿಂದ ಅವಕೆಂಪಿನಲ್ಲಿ ಇನ್ನೊಂದು ಬಾರಿ ಓದಿದರೆ ಚಿತ್ರ ಮಾಯವಾಗಿ ಕೊಳೆಯ ನಕ್ಷೆಯಷ್ಟೇ ದೊರೆಯುತ್ತದೆ. ಆ ಜಾಗಗಳನ್ನು ತಂತ್ರಾಂಶ ಸುತ್ತಲಿನ ಬಿಂದುಗಳಿಂದ ತುಂಬುತ್ತದೆ.

ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ವರ್ಣದ್ರವ್ಯವಿಲ್ಲ. ಚಿತ್ರವೇ ಬೆಳ್ಳಿಯ ಕಣಗಳದ್ದು, ಬೆಳ್ಳಿ ಅವಕೆಂಪನ್ನು ತಡೆಯುತ್ತದೆ. ತಂತ್ರಾಂಶಕ್ಕೆ ಬೆಳ್ಳಿಯೂ ಒಂದೇ, ಕೊಳೆಯೂ ಒಂದೇ. ಇನ್ನೊಂದು ಸಂಗತಿ ಗಮನಿಸಿ: ನೆಗೆಟಿವ್‌ನಲ್ಲಿ ಬೆಳ್ಳಿ ಅತಿ ದಟ್ಟವಾಗಿರುವುದು ದೃಶ್ಯದ ಅತಿ ಬೆಳಕಿನ ಭಾಗದಲ್ಲಿ. ಅಜ್ಜನ ಬಿಳಿ ರುಮಾಲಿನ ಮಡಿಕೆಗಳು, ಹಣೆಯ ಮೇಲಿನ ವಿಭೂತಿಯ ಪಟ್ಟೆ, ಧೋತರದ ನಿರಿಗೆ, ಇವೇ ಮೊದಲು ದೂಳಿನ ಲೆಕ್ಕಕ್ಕೆ ಸೇರಿ ಕಲಸಿಹೋಗುತ್ತವೆ. ತಯಾರಕರ ಕೈಪಿಡಿಯಲ್ಲಿ ಈ ಎಚ್ಚರಿಕೆ ಇದ್ದೇ ಇದೆ. ಆದರೆ ನೂರಾರು ನೆಗೆಟಿವ್‌ಗಳನ್ನು ಒಂದೇ ದರಕ್ಕೆ ಒಪ್ಪಿಕೊಂಡವರು ಕೈಪಿಡಿ ತೆರೆಯುವುದು ಕಡಿಮೆ. ಬಣ್ಣದ ಫಿಲ್ಮ್ ಹಳ್ಳಿಗಳಿಗೆ ಬರುವ ಮುನ್ನ ನಮ್ಮಲ್ಲಿದ್ದುದೆಲ್ಲ ಕಪ್ಪು-ಬಿಳುಪೇ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಫಿಲ್ಮನ್ನು ಹಿರಿಯ ಓದುಗರು ಬಲ್ಲರು. ನೀವು ಹೊರಗೆ ಕೊಟ್ಟು ಸ್ಕ್ಯಾನ್ ಮಾಡಿಸುವುದಾದರೆ ಕಪ್ಪು-ಬಿಳುಪಿಗೆ ಈ ಸೌಲಭ್ಯವನ್ನು ಬಂದ್ ಮಾಡಲು ಮೊದಲೇ ಹೇಳಿ.

ಬೆಳಕಿನ ವಿಷಯದಲ್ಲೂ ಒಂದು ತೊಡಕಿದೆ. ಬೆಳ್ಳಿಯ ಕಣಗಳು ಬೆಳಕನ್ನು ಚದುರಿಸುತ್ತವೆ. ಕೂಲ್‌ಸ್ಕ್ಯಾನಿನ ಎಲ್‌ಇಡಿ ಬೆಳಕು ಒಂದೇ ದಿಕ್ಕಿಗೆ ಸಾಗುವಂಥದ್ದು. ಚದುರಿದ್ದು ಮಸೂರಕ್ಕೆ ಬಾರದೆ ದಟ್ಟ ಭಾಗಗಳು ಇದ್ದುದಕ್ಕಿಂತ ದಟ್ಟವಾಗಿ ತೋರುತ್ತವೆ. ಇದು ಕ್ಯಾಲಿಯರ್ ಪರಿಣಾಮ. ಗೀರುಗಳೂ ಎದ್ದು ಕಾಣುತ್ತವೆ. ಎರೆಭೂಮಿಯ ಊರಿನಲ್ಲಿ ಬೇಸಿಗೆಯ ಗಾಳಿಗೆ ದೂಳು ಸೇರದ ಪೆಟ್ಟಿಗೆಯಿಲ್ಲ. ಅದನ್ನು ಬಟ್ಟೆಯಿಂದ ಉಜ್ಜಿದರೆ ಜೆಲಟಿನ್ ಪದರಿನಲ್ಲಿ ಹೊಸ ಗೀರುಗಳಾಗುತ್ತವೆ. ರಬ್ಬರ್ ಬುರುಡೆಯಿಂದ ಗಾಳಿ ಊದುವುದೇ ಸರಿ.

ಅಳತೆಯ ಮಾತಂತೂ ಅಂಗಡಿಯವರು ಎತ್ತುವುದೇ ಇಲ್ಲ. ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ III, ಸ್ಟುಡಿಯೊಗಳಲ್ಲಿದ್ದ ಯಾಷಿಕಾ ಜೋಡಿಮಸೂರದ ಕ್ಯಾಮರಾಗಳು 120 ಫಿಲ್ಮ್ ಬಳಸುತ್ತಿದ್ದವು. ಸುಮಾರು 56 ಮಿಲಿಮೀಟರ್ ಚೌಕದ ಈ ನೆಗೆಟಿವ್ ಕೂಲ್‌ಸ್ಕ್ಯಾನ್ 5000ದೊಳಗೆ ಹೋಗುವುದೇ ಇಲ್ಲ. ದುಬಾರಿಯಾದ 9000 ಮಾದರಿಯೇ ಬೇಕು. ಆದರೆ ಫಿಲ್ಮ್‌ಗೆ ಮೇಲ್ಬೆಳಕಿರುವ ಮಟ್ಟಸ ಸ್ಕ್ಯಾನರಿನಲ್ಲಿ ಅದನ್ನು ಬರೀ 2400 ಡಿಪಿಐನಲ್ಲಿ ಓದಿದರೂ 2.8 ಕೋಟಿ ಬಿಂದುಗಳು ಸಿಗುತ್ತವೆ. ಇದು ಸಣ್ಣ ಫಿಲ್ಮಿಗೆ ಕೂಲ್‌ಸ್ಕ್ಯಾನ್ ಕೊಡುವುದಕ್ಕಿಂತ ಹೆಚ್ಚು. ಅದರ ಬೆಳಕು ಮಂದವಾಗಿ ಹರಡುವುದರಿಂದ ಗೀರುಗಳ ಕಾಟವೂ ಕಡಿಮೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಹಳೆಯ ಚೌಕ ನೆಗೆಟಿವ್‌ಗಳಿಗೆ ಇದೇ ಯೋಗ್ಯ. 35 ಮಿಲಿಮೀಟರಿನ ಬಣ್ಣದ ಫಿಲ್ಮ್ ಇದ್ದವರು ಮಾತ್ರ ಕೂಲ್‌ಸ್ಕ್ಯಾನ್ ಹುಡುಕಲಿ.

ಸ್ಕ್ಯಾನ್ ಆಯಿತೆಂದು ನೆಗೆಟಿವ್‌ಗಳನ್ನು ಎಸೆಯುವವರೂ ಇದ್ದಾರೆ. ಕೋಟುಮಚಗಿಯಲ್ಲಿ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನವಿದೆ. ಓದಿನಲ್ಲಿ ಸಂಶಯ ಬಂದರೆ ವಿದ್ವಾಂಸರು ಮರಳುವುದು ಕಲ್ಲಿನ ಬಳಿಗೇ. ವಿಭೂತಿ ಅಳಿಸಿದ ಸ್ಕ್ಯಾನನ್ನು ಸರಿಪಡಿಸಲು ಮರಳಬೇಕಾದ್ದು ನೆಗೆಟಿವ್ ಬಳಿಗೆ. ಆದರೆ ಅಸಿಟೇಟ್ ಫಿಲ್ಮಿಗೆ ಕಲ್ಲಿನ ಆಯುಸ್ಸಿಲ್ಲ. ಶಾಖ, ತೇವಗಳಿಂದ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಕೊಳೆತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಪೆಟ್ಟಿಗೆ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಆ ನೆಗೆಟಿವ್‌ಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಕಾಗದದ ಲಕೋಟೆಯಲ್ಲಿಟ್ಟು, ಎಲ್ಲಕ್ಕಿಂತ ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ.