ಬಣ್ಣದ ಸಾಕ್ಷ್ಯ: ಜನನಕೋಶಗಳ ಗಂತಿಗಳ ಚರಿತ್ರೆಯನ್ನು ಕುರಿತು

ಅಂಗಾಂಶದ ತೆಳುಪದರಕ್ಕೆ ಪ್ರತಿಕಾಯವನ್ನು ಸೇರಿಸಿ, ಅದರಲ್ಲಿರುವ ನಿರ್ದಿಷ್ಟ ಪ್ರೋಟೀನನ್ನು ಬಣ್ಣದಿಂದ ಗುರುತಿಸುವ ವಿಧಾನದ ಚರಿತ್ರೆಯನ್ನು ಉಪಕರಣಗಳ ವಂಶಾವಳಿಯಂತೆ ಬರೆಯುವುದು ವಾಡಿಕೆಯಾಗಿದೆ. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೆ ಹೊಳೆಯುವ ವರ್ಣದ್ರವ್ಯವನ್ನು ಜೋಡಿಸಿದರು. 1960ರ ದಶಕದಲ್ಲಿ ವರ್ಣದ್ರವ್ಯಕ್ಕೆ ಬದಲಾಗಿ ಕಿಣ್ವವನ್ನು ಜೋಡಿಸುವ ಕ್ರಮವೂ ಬಂದಿತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಏಕರೂಪದ ಪ್ರತಿಕಾಯಗಳನ್ನು ಪಡೆಯುವ ಮಾರ್ಗವನ್ನು ತೋರಿದರು. ಈ ತೇದಿಗಳಲ್ಲಿ ತಪ್ಪಿಲ್ಲ. ಆದರೆ ಉಪಕರಣ ಬಂದೊಡನೆ ಜ್ಞಾನವೂ ಬಂದಿತೆಂಬ ಭಾವನೆಯನ್ನು ಇಂತಹ ನಿರೂಪಣೆ ಮೂಡಿಸುತ್ತದೆ. ಜನನಕೋಶಗಳ ಗಂತಿಗಳ ಚರಿತ್ರೆಯು ಇದನ್ನು ಸಮರ್ಥಿಸುವುದಿಲ್ಲ.

1939ರಲ್ಲಿ ಷಿಲ್ಲರ್ ಎಂಬ ವಿದ್ವಾಂಸರು ಅಂಡಾಶಯದ ಒಂದು ಗಂತಿಯನ್ನು ವರ್ಣಿಸಿ, ಅದು ಭ್ರೂಣದ ಮೂತ್ರಪಿಂಡದ ಅವಶೇಷದಿಂದ ಹುಟ್ಟಿದುದೆಂದು ಬಗೆದರು. ಡೆನ್ಮಾರ್ಕಿನ ಗುನ್ನಾರ್ ಟೈಲುಮ್ ಇದನ್ನು ಒಪ್ಪಲಿಲ್ಲ. ಅಂತಹುದೇ ರಚನೆಯನ್ನು ಅವರು ವೃಷಣದ ಗಂತಿಯಲ್ಲಿಯೂ ಕಂಡಿದ್ದರು. 1959ರಲ್ಲಿ ಆ ರಚನೆಯನ್ನು ಇಲಿಯ ಮಾಸಿನೊಡನೆ ಹೋಲಿಸಿ, ಇದು ಜನನಕೋಶದಿಂದ ಹುಟ್ಟಿ ಭ್ರೂಣದ ಹಳದಿಚೀಲವನ್ನು ಹೋಲುವ ಗಂತಿಯೆಂದು ವಾದಿಸಿದರು. ಆಗ ಅವರಿಗಿದ್ದ ಆಧಾರ ರೂಪಸಾಮ್ಯವೇ. 1963ರಲ್ಲಿ ಮಾಸ್ಕೋದ ಅಬೆಲೆವ್ ಮತ್ತು ಸಂಗಡಿಗರು ಚಿಟ್ಟಿಲಿಗಳ ಯಕೃತ್ತಿನ ಗಂತಿಯಲ್ಲಿ ಭ್ರೂಣಾವಸ್ಥೆಯ ಪ್ರೋಟೀನೊಂದನ್ನು ಕಂಡರು. ಇದೇ ಆಲ್ಫಾ-ಫೀಟೋಪ್ರೋಟೀನ್. ಭ್ರೂಣದಲ್ಲಿ ಇದನ್ನು ಹಳದಿಚೀಲವೂ ಯಕೃತ್ತೂ ತಯಾರಿಸುತ್ತವೆ. 1974ರಲ್ಲಿ ಟೈಲುಮ್ ಮತ್ತು ಸಂಗಡಿಗರು ಹೊಳೆಯುವ ಪ್ರತಿಕಾಯದ ನೆರವಿನಿಂದ ಈ ಪ್ರೋಟೀನನ್ನು ಹಳದಿಚೀಲದ ಗಂತಿಯಲ್ಲಿಯೇ ತೋರಿಸಿದರು. ಕೂನ್ಸರ ವಿಧಾನಕ್ಕೆ ಆಗಲೇ 33 ವರ್ಷಗಳಾಗಿದ್ದವು. ಅದಿಲ್ಲದಿದ್ದರೆ ಟೈಲುಮರ ವಾದಕ್ಕೆ ಈ ಪುಷ್ಟಿ ದೊರೆಯುತ್ತಿರಲಿಲ್ಲವೆಂಬುದು ನಿಜ; ಆದರೆ ಏನನ್ನು ಎಲ್ಲಿ ಹುಡುಕಬೇಕೆಂಬುದನ್ನು ತಿಳಿಸಿದುದು ಆ ವಾದವೇ.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ವಿಚಾರವೂ ಗಮನಾರ್ಹವಾಗಿದೆ. ಒಂದು ಶಾಸನದಲ್ಲಿ ಹೆಸರು ಕಾಣದ ಮಾತ್ರಕ್ಕೆ ಅಂತಹ ಅರಸನೇ ಇರಲಿಲ್ಲವೆಂದು ನಾವು ನಿರ್ಣಯಿಸುವುದಿಲ್ಲ. ಹಳದಿಚೀಲದ ಗಂತಿಯಲ್ಲಿ ಆಲ್ಫಾ-ಫೀಟೋಪ್ರೋಟೀನಿನ ಬಣ್ಣ ಅನೇಕ ವೇಳೆ ಅಲ್ಲಲ್ಲಿ ಮಾತ್ರ ತೋರುವುದರಿಂದ, ಚಿಕ್ಕ ತುಣುಕೊಂದರಲ್ಲಿ ಅದು ಕಾಣದಿರುವುದು ಗಂತಿಯ ಅಭಾವಕ್ಕೆ ಪ್ರಮಾಣವಾಗಲಾರದು. ಕಂಡರೂ ಅದೊಂದೇ ಸಾಲದು. ಯಕೃತ್ತಿನ ಅರ್ಬುದದಲ್ಲಿಯೂ ಅದೇ ಬಣ್ಣ ತೋರಬಹುದು. ಆದುದರಿಂದಲೇ ಇಂದು ಸಾಲ್-4, ಗ್ಲಿಪಿಕನ್-3, ಆಕ್ಟ್-4 ಮೊದಲಾದವನ್ನು ಒಟ್ಟಿಗೆ ಪರಿಶೀಲಿಸುತ್ತಾರೆ. ಆಕ್ಟ್-4 ಸೆಮಿನೋಮದಲ್ಲಿ ಕಾಣುತ್ತದೆ, ಹಳದಿಚೀಲದ ಗಂತಿಯಲ್ಲಿ ಕಾಣುವುದಿಲ್ಲ. ಇವೆರಡರ ಚಿಕಿತ್ಸಾಕ್ರಮಗಳು ಬೇರೆಯಾಗಿರುವುದರಿಂದ, ಹೆಸರಿನಲ್ಲಾಗುವ ತಪ್ಪನ್ನು ರೋಗಿಯೇ ಅನುಭವಿಸಬೇಕಾಗುತ್ತದೆ.

ಈ ವಿಧಾನದ ಚರಿತ್ರೆಯನ್ನು ಬೋಧಿಸುವವರು 1941ರ ಉಪಕರಣದಿಂದಲ್ಲ, 1939ರ ತಪ್ಪು ಊಹೆಯಿಂದ ಆರಂಭಿಸುವುದು ಲೇಸು.