ಗುಣಾಕಾರದಲ್ಲಿ ಕೂತ ಲಿಪಿ

ಕೊರಿಯನ್ನರ ಹಂಗುಲ್ ಲಿಪಿಗೆ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಸಿಕ್ಕಿರುವ ಜಾಗ ನೋಡಿದರೆ ಲೆಕ್ಕದ ಮೇಷ್ಟರಿಗೂ ಖುಷಿಯಾಗಬೇಕು. ಮೊದಲ ವ್ಯಂಜನಗಳು 19, ಸ್ವರಗಳು 21, ಕೊನೆಯ ವ್ಯಂಜನಗಳು 27. ಕೊನೆಗೆ ಏನೂ ಇಲ್ಲದಿರುವುದೂ ಒಂದು ಬಗೆಯೇ, ಹಾಗಾಗಿ 28. ಗುಣಿಸಿದರೆ 11,172. ಆಧುನಿಕ ಕೊರಿಯನ್‌ನಲ್ಲಿ ಸಾಧ್ಯವಿರುವ ಅಷ್ಟೂ ಅಕ್ಷರಗುಚ್ಛಗಳು, ಯಾರೂ ಬಳಸದವೂ ಸೇರಿ, 44,032ನೇ ಸಂಖ್ಯೆಯಿಂದ ಸಾಲಾಗಿ ಕೂತಿವೆ.

'ಹಾನ್' ತೆಗೆದುಕೊಳ್ಳಿ. ಎಣಿಕೆ ಸೊನ್ನೆಯಿಂದ ಶುರು: ಹಕಾರಕ್ಕೆ 18, ಆಕಾರಕ್ಕೆ 0, ಕೊನೆಯ ನಕಾರಕ್ಕೆ 4. 18ನ್ನು 21ರಿಂದ ಗುಣಿಸಿ, ಸ್ವರದ ಸೊನ್ನೆ ಕೂಡಿಸಿ, ಬಂದದ್ದನ್ನು 28ರಿಂದ ಗುಣಿಸಿ, 4 ಸೇರಿಸಿದರೆ 10,588. ಅದಕ್ಕೆ 44,032 ಕೂಡಿಸಿ: 54,620. 'ಹಾನ್' ಕೂತಿರುವುದು ಅಲ್ಲೇ. ತಿರುಗಿ ಭಾಗಿಸುತ್ತ ಹೋದರೆ ಮೂರೂ ಬಿಡಿಬಿಡಿಯಾಗಿ ಕೈಗೆ ಬರುತ್ತವೆ. ಎಂಥ ಅಚ್ಚುಕಟ್ಟು!

ಮೊದಲು ಹೀಗಿರಲಿಲ್ಲ. ದಕ್ಷಿಣ ಕೊರಿಯಾದ 1987ರ ಮಾನಕದಲ್ಲಿ 2,350 ಗುಚ್ಛಗಳಿಗೆ ಮಾತ್ರ ಜಾಗವಿತ್ತು. 'ತ್ತೋಮ್' ಹೊರಗುಳಿಯಿತು, ಆ ಗುಚ್ಛದಿಂದಲೇ ಶುರುವಾಗುವ ಟಿವಿ ಧಾರಾವಾಹಿಯೊಂದರ ಹೆಸರನ್ನು ಸರಿಯಾಗಿ ಟೈಪ್ ಮಾಡಲಾಗುತ್ತಿರಲಿಲ್ಲ. ಯೂನಿಕೋಡ್ ಕೂಡ ಆರಂಭದಲ್ಲಿ ಎಡವಿತು. 1996ರ 2.0 ಆವೃತ್ತಿಯಲ್ಲಿ ಹಳೆಯದನ್ನೆಲ್ಲ ಕಿತ್ತು ಈಗಿನ ಜಾಗಕ್ಕೆ ಸಾಗಿಸಬೇಕಾಯಿತು. ಅಲ್ಲಿಂದಾಚೆಗೆ ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವಂತಿಲ್ಲ. ನಮ್ಮ ಕನ್ನಡಕ್ಕೂ ಅದೇ ಕಾವಲು.

ಕನ್ನಡದ ದಾರಿ ಬೇರೆ. 'ಕ್ಷ' ಎಂದರೆ ಕ, ಹಲಂತ ಚಿಹ್ನೆ, ಷ, ಹೀಗೆ ಮೂರು ಸಂಖ್ಯೆ. ಒತ್ತು ಕೂಡಿಸುವುದು ಫಾಂಟಿನ ಕೆಲಸ. ಆದರೆ ಕೊರಿಯಾದ ಸೇಜೋಂಗ್ ದೊರೆ 1446ರಲ್ಲಿ ಹೊರಡಿಸಿದ ಹಂಗುಲ್ ಲಿಪಿಯ ಕೆಲವು ಅಕ್ಷರಗಳು ಈಗ ಬಳಕೆಯಲ್ಲಿಲ್ಲ, ಆ 11,172ರ ಸಾಲಿನಲ್ಲೂ ಇಲ್ಲ. ಅವು ಬರುವ ಹಳೆಯ ಪಠ್ಯಗಳಿಗೆ ಮಾತ್ರ ಕೊರಿಯನ್ನರೂ ನಮ್ಮ ಹಾಗೆಯೇ ಬಿಡಿ ಅಕ್ಷರಗಳನ್ನು ಜೋಡಿಸಿ ಫಾಂಟಿನ ಕೈಗೆ ಒಪ್ಪಿಸುತ್ತಾರೆ.