ಚಿರಸ್ಮರಣೆಯೂ ಆಳ್ವಿಕೆಯ ಆಯುಷ್ಯವೂ

ನಿರಂಜನರ ‘ಚಿರಸ್ಮರಣೆ’ ಪ್ರಕಟವಾದುದು 1955ರಲ್ಲಿ. ಅದರ ವಸ್ತು ಕಯ್ಯೂರಿನ ರೈತರ ಹೋರಾಟ. ಕಯ್ಯೂರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ ಹಳ್ಳಿ. 1941ರ ಮಾರ್ಚ್ ತಿಂಗಳಲ್ಲಿ ರೈತರ ಮೆರವಣಿಗೆಗೆ ಎದುರಾದ ಪೋಲೀಸನೊಬ್ಬನು ಹೊಳೆಯಲ್ಲಿ ಮುಳುಗಿ ಸತ್ತನು. ಆ ಮೊಕದ್ದಮೆಯಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ಓದಿದ ನಿರಂಜನರಿಗೆ ಆ ನೆಲ ಅಪರಿಚಿತವಾದುದಲ್ಲ. ಕಾದಂಬರಿ ಹೊರಬಂದ ಮರುವರ್ಷವೇ ಆ ನೆಲ ಕೇರಳಕ್ಕೆ ಸೇರಿತು. 1957ರ ಏಪ್ರಿಲ್‌ನಲ್ಲಿ ಅದೇ ಕೇರಳದಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಮಂತ್ರಿಮಂಡಲವು ಚುನಾವಣೆಯ ಮೂಲಕ ಅಧಿಕಾರಕ್ಕೆ ಬಂದಿತು.

ಬಲಿದಾನದಿಂದ ಹುಟ್ಟಿದ ಪಕ್ಷವು ಅಧಿಕಾರವನ್ನು ಹಿಡಿದಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಕಾದಂಬರಿಯ ಎಲ್ಲೆಯ ಹೊರಗಿನದು. 1955ರಲ್ಲಿ ಅದನ್ನು ಕೇಳುವ ಪ್ರಸಂಗವೂ ಇರಲಿಲ್ಲ. ಇಂದಿನ ವಾಚಕನಿಗೆ ಮಾತ್ರ ಅದು ತಪ್ಪದು. ಕೆಲವು ಕಮ್ಯುನಿಸ್ಟ್ ಆಳ್ವಿಕೆಗಳು ಅಳಿದು ಕೆಲವು ಉಳಿದುದೇಕೆ?

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಬೇರಿನದು. ಸ್ವಂತ ಕ್ರಾಂತಿಯಿಂದ ಬೆಳೆದವು ನಿಂತವು, ಹೊರಗಿನ ಸೈನ್ಯ ತಂದು ನೆಟ್ಟವು ಬಿದ್ದವು ಎಂಬುದು ಆ ವಾದ. ಚೀನ, ವಿಯೆಟ್ನಾಂ, ಕ್ಯೂಬಾಗಳನ್ನು ಒಂದು ಕಡೆಯಲ್ಲಿಯೂ, 1989ರಲ್ಲಿ ಕುಸಿದ ಪೋಲೆಂಡ್, ಹಂಗೆರಿ, ಪೂರ್ವ ಜರ್ಮನಿಗಳನ್ನು ಇನ್ನೊಂದು ಕಡೆಯಲ್ಲಿಯೂ ಇಟ್ಟರೆ ವಾದ ಸರಿಯೆಂದೇ ತೋರುತ್ತದೆ. ಆದರೆ ಸ್ವಂತ ಕ್ರಾಂತಿಯ ಸೋವಿಯತ್ ಒಕ್ಕೂಟವೇ 1991ರಲ್ಲಿ ಇಲ್ಲವಾಯಿತು. ಸೋವಿಯತ್ ಸೈನ್ಯದ ಆಶ್ರಯದಲ್ಲಿ ಹುಟ್ಟಿದ ಉತ್ತರ ಕೊರಿಯಾ ಉಳಿದಿದೆ. ಇನ್ನೊಂದು ಉತ್ತರ ಬಲಪ್ರಯೋಗದ್ದು. 1956ರಲ್ಲಿ ಹಂಗೆರಿಯನ್ನೂ 1968ರಲ್ಲಿ ಚೆಕೊಸ್ಲೊವಾಕಿಯವನ್ನೂ ಟ್ಯಾಂಕುಗಳು ಹಿಡಿದು ನಿಲ್ಲಿಸಿದವು. 1989ರಲ್ಲಿ ಗೋರ್ಬಚೆವ್ ಅವನ್ನು ಕಳುಹಿಸಲಿಲ್ಲ. ಅದೇ ವರ್ಷ ಬೀಜಿಂಗಿನಲ್ಲಿ ಅವು ಬೀದಿಗಿಳಿದವು. ಮೂರನೆಯದು ಮಾರ್ಪಾಡಿನ ಉತ್ತರ: ಚೀನ 1978ರಲ್ಲಿಯೂ ವಿಯೆಟ್ನಾಂ 1986ರಲ್ಲಿಯೂ ಮಾರುಕಟ್ಟೆಗೆ ದಾರಿ ತೆರೆದವು. ಮೂರರಲ್ಲಿಯೂ ಸತ್ಯಾಂಶವುಂಟು, ಆದರೆ ಅಲ್ಲಿ ಬೇರು, ಬಲ, ಮಾರ್ಪಾಡುಗಳು ಹೆಣೆದುಕೊಂಡಿರುವುದರಿಂದ ಒಂದೊಂದರ ತೂಕವನ್ನು ಬೇರೆಯಾಗಿ ಅಳೆಯುವುದು ಕಷ್ಟ.

ಈ ಕಾರಣದಿಂದಲೇ ನಮ್ಮ ದೇಶದ ನಿದರ್ಶನಗಳಿಗೆ ವಿಶೇಷ ಬೆಲೆಯಿದೆ. ರಾಜ್ಯ ಸರ್ಕಾರವೊಂದು ಸಾರ್ವಭೌಮ ಪ್ರಭುತ್ವವಲ್ಲ, ನಿಜ. ಅದಕ್ಕೆ ಸೈನ್ಯವಿಲ್ಲ, ಐದು ವರ್ಷಕ್ಕೊಮ್ಮೆ ಅದು ಮತದಾರನ ಮುಂದೆ ನಿಲ್ಲಲೇಬೇಕು. ಆದುದರಿಂದ ಸೈನ್ಯಬಲವನ್ನು ಕಳೆದರೆ ಏನು ಉಳಿಯುತ್ತದೆಂಬುದು ಇಲ್ಲಿ ಕಾಣುತ್ತದೆ.

ಪಶ್ಚಿಮ ಬಂಗಾಳದಲ್ಲಿ ಎಡರಂಗವು 1977ರಿಂದ 2011ರವರೆಗೆ ಎಡೆಬಿಡದೆ 34 ವರ್ಷ ಆಳಿತು. ಅದರ ಬೇರು ಆಳವಾದುದೇ ಆಗಿದ್ದಿತು: 1946ರ ತೇಭಾಗಾ ಹೋರಾಟದ ನೆನಪು, 1978ರಲ್ಲಿ ಆರಂಭವಾದ ಬರ್ಗಾ ಕಾರ್ಯಾಚರಣೆಯಲ್ಲಿ ಹಕ್ಕು ದಾಖಲಾದ ಸುಮಾರು 14 ಲಕ್ಷ ಪಾಲುಗೇಣಿದಾರರು, ಪಂಚಾಯಿತಿ ಚುನಾವಣೆಗಳು. ಹಾಗಿದ್ದೂ 2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ, ಭೂಸ್ವಾಧೀನವನ್ನು ವಿರೋಧಿಸಿದ ರೈತರ ಮೇಲೆ ಅದೇ ಸರ್ಕಾರದ ಪೋಲೀಸರು ಗುಂಡು ಹಾರಿಸಿ 14 ಮಂದಿ ಸತ್ತರು. 2011ರಲ್ಲಿ ಅಧಿಕಾರ ಹೋಯಿತು. 2021ರಲ್ಲಿ ಒಂದು ಸ್ಥಾನವೂ ದೊರೆಯಲಿಲ್ಲ.

ಕೇರಳದ ಕಥೆ ಬೇರೆ. ಮೊದಲ ಮಂತ್ರಿಮಂಡಲವು 28 ತಿಂಗಳೂ ಪೂರ್ತಿಯಾಗದೆ 1959ರ ಜುಲೈ 31ರಂದು ವಜಾ ಆಯಿತು. 1960ರಲ್ಲಿ ಸೋತ ನಂಬೂದಿರಿಪಾಡರು 1967ರಲ್ಲಿ ಮರಳಿ ಬಂದರು. 1970ರ ಜನವರಿ 1ರಿಂದ ಗೇಣಿಪದ್ಧತಿ ರದ್ದಾದಾಗ ಆಳುತ್ತಿದ್ದುದು ಅಚ್ಯುತ ಮೇನೋನರ ಬೇರೊಂದು ಕೂಟ. 1982ರಿಂದ 2016ರವರೆಗೆ ಎರಡು ಕೂಟಗಳು ಸರದಿಯಂತೆ ಗೆದ್ದು ಸೋತವು. 2021ರಲ್ಲಿಯೇ ಆ ಸರದಿ ಮುರಿದುದು. ಅಧಿಕಾರದಲ್ಲಿದ್ದ ಕಾಲವನ್ನು ಮಾತ್ರ ಎಣಿಸಿದರೆ ಬಂಗಾಳದ್ದೇ ದೊಡ್ಡ ಯಶಸ್ಸು. ಆದರೆ ಸೋಲನ್ನು ಮತ್ತೆಮತ್ತೆ ಉಂಡ ಪಕ್ಷ ಉಳಿಯಿತು. 34 ವರ್ಷ ಸೋಲನ್ನೇ ಕಾಣದ ಪಕ್ಷ ಒಂದೇ ಸೋಲಿನಲ್ಲಿ ನೆಲೆ ಕಳೆದುಕೊಂಡಿತು.

ಇದರಿಂದ ನಮಗೆ ತೋರುವುದಿಷ್ಟು. ಬೇರು ಆರಂಭದ ಬಲವೇ ಹೊರತು ಬಾಳ್ವೆಯ ಭರವಸೆಯಲ್ಲ. ತನ್ನ ತಪ್ಪನ್ನು ಸಕಾಲದಲ್ಲಿ ತಿಳಿಸುವ ದಾರಿಯೊಂದು ಆಳ್ವಿಕೆಗೆ ಬೇಕು. ಕೇರಳದಲ್ಲಿ ಆ ದಾರಿ ಸೋಲು. ಪೂರ್ವ ಯೂರೋಪಿನ ಸರ್ಕಾರಗಳಿಗೆ ಸೋಲುವ ಮಾರ್ಗವೇ ಇರಲಿಲ್ಲ. ಆದುದರಿಂದ ಅವುಗಳ ಮೊದಲ ಸೋಲೇ ಕೊನೆಯ ಕುಸಿತವಾಯಿತು. ಚೀನ ಮತ್ತು ವಿಯೆಟ್ನಾಂ ಮತದಾರನಿಂದ ಕಲಿಯಬೇಕಾದುದನ್ನು ಹಸಿವಿನಿಂದ ಕಲಿತವು, ಉಳಿದುದನ್ನು ಬಲದಿಂದ ಮುಚ್ಚಿದವು. ಅದೂ ಉಳಿವೇ, ಆದರೆ ಅದರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಹೊಗಳುವುದು ವಿಮರ್ಶೆಯಾಗಲಾರದು.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಕಾಸರಗೋಡು ಎಂದೊಡನೆ ನೆನಪಾಗುವುದು ಗಡಿ. 1967ರ ಮಹಾಜನ ವರದಿಯಲ್ಲಿ ಬೆಳಗಾವಿಯ ಜೊತೆಗೆ ಅದನ್ನೂ ಓದಿದವರು ನಾವು. ಚಂದ್ರಗಿರಿ ಹೊಳೆಯ ದಕ್ಷಿಣಕ್ಕಿರುವ ಕಯ್ಯೂರು ನಮ್ಮ ಆ ವಾದದ ನಕ್ಷೆಯಲ್ಲಿಲ್ಲ. ನಮ್ಮ ಸಾಹಿತ್ಯದಲ್ಲಿ ಮಾತ್ರ ಇದೆ. ಮಲಯಾಳ ನಾಡಿನ ರೈತರ ಸಾವನ್ನು ತನ್ನದೆಂದು ಬರೆದ ಕನ್ನಡವು, ಆ ರೈತರ ಹೆಸರಿನಲ್ಲಿ ನಡೆದ ಆಳ್ವಿಕೆಯನ್ನು ಅಷ್ಟೇ ಹತ್ತಿರದಿಂದ ನೋಡಿ ಬರೆಯಬೇಕಾಗಿದೆ. ಗಲ್ಲಿಗೇರಿದವರನ್ನು ಸ್ಮರಿಸುವುದು ಸುಲಭ. ನಂದಿಗ್ರಾಮದ ಹದಿನಾಲ್ವರನ್ನೂ ಅದೇ ಸಾಲಿನಲ್ಲಿ ಸ್ಮರಿಸಬಲ್ಲೆವೇ ಎಂಬುದೇ ಚಿರಸ್ಮರಣೆಯ ನಿಜವಾದ ಪರೀಕ್ಷೆ.